ಎಡತುಟಿಗೆ ಹಚ್ಚಿದ ಬಣ್ಣ

ಚೆನ್ನಕೇಶವನಿಗೆ,

ಅರಂತೋಡಿನ ಬಳೆ ಅಂಗಡಿಯ ಹಂಝಾಕ ಬರೆಯುವುದು.

ಕ್ಷೇಮವೇ ಎಂದು ಕೇಳಿ ಪತ್ರ ಶುರು ಮಾಡುವುದು ಕ್ರಮ. ನಾನು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲ. ಅದು ಗೊತ್ತಿರುವುದು ನಿನಗೆ ಮತ್ತು ನನಗೆ. ಇಬ್ಬರೂ ಎರಡು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇವೆ. ಫೋನ್ ಮಾಡಿದರೆ ನಿನ್ನ ಡೇಟು ನೋಡಿಕೊಳ್ಳುವ ಸೂರಜ್ ಎತ್ತುತ್ತಾನೆ. ನಿನ್ನ ಕೈಗೆ ಕೊಟ್ಟರೂ ನೀನು ನಗಿಸಿ ಇಡುತ್ತೀ. ಮಾತಿನಲ್ಲಿ ನಿನ್ನನ್ನು ಗೆಲ್ಲುವುದು ನನ್ನಿಂದಾಗದು. ಅದಕ್ಕೇ ಕಾಗದ.

ಮೂವತ್ತಮೂರು ವರ್ಷದ ಹಿಂದೆ ಇಲ್ಲಿಯ ಶಾಲೆಯ ಹಳೆ ವಿದ್ಯಾರ್ಥಿಗಳ ನಾಟಕದ ದಿನ, ಹೆಣ್ಣಿನ ಪಾರ್ಟು ಮಾಡಬೇಕಾದವನು ಜ್ವರ ಬಂದು ಮಲಗಿದ್ದ. ಮಂಡೆಕೋಲು ಊರಿನಿಂದ ನಾಟಕ ನೋಡಲು ಬಂದವನು ನೀನು, ಹತ್ತೊಂಬತ್ತರ ಸಣಕಲ. ನಿನ್ನನ್ನೇ ಹಿಡಿದು, ಬಣ್ಣ ಹಚ್ಚುತ್ತಿದ್ದ ನನ್ನ ಮುಂದೆ ಕೂರಿಸಿದರು. ಅಂಗಡಿಯಿಂದ ತಂದ ಬಳೆ ಒಂದೂ ನಿನ್ನ ಕೈಗೆ ಇಳಿಯಲಿಲ್ಲ. ಸೋಪು ಹಚ್ಚಿ ನೂಕಿದೆ, ಆರು ಬಳೆ ಒಡೆದವು. ಅಳುತ್ತೀಯೋ ಎಂದು ನೋಡಿದರೆ, ಕನ್ನಡಿಯಲ್ಲಿ ನಿನ್ನ ಮುಖ ನೋಡಿಕೊಂಡು ನಾಚುವುದನ್ನು ಅಭ್ಯಾಸ ಮಾಡುತ್ತಿದ್ದೆ. ಆವತ್ತೇ ಇವನು ಗದ್ದೆಗೆ ವಾಪಸು ಹೋಗುವವನಲ್ಲ ಎಂದು ನನ್ನ ಹೆಂಡತಿ ಬೀಫಾತುಮ್ಮಳಿಗೆ ಹೇಳಿದ್ದೆ.

ನನ್ನ ಕೆಲಸದ ಕ್ರಮ ನಿನಗೆ ಗೊತ್ತು. ಮೊದಲು ಹಣೆಯಿಂದ ಗದ್ದದವರೆಗೆ ಮುಖದ ನಡುವೆ ಒಂದು ಬಿಳಿ ಗೆರೆ. ಬಲಭಾಗ ಪೂರ್ತಿ ಮುಗಿಸಿ, ಆಮೇಲೆ ಎಡಭಾಗವನ್ನು ಅದಕ್ಕೆ ಹೊಂದಿಸುವುದು. ಹುಬ್ಬಿಗೆ ಹುಬ್ಬು, ಸುಕ್ಕಿಗೆ ಸುಕ್ಕು. ಈ ಬ್ಯಾರಿ ಮುಖದ ಮೇಲೆ ಜಾಗ ಸರ್ವೆ ಮಾಡುತ್ತಾನೆ ಎಂದು ನೀನೇ ತಮಾಷೆ ಮಾಡುತ್ತಿದ್ದೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ಹೊಳೆ ದಾಟಿಸುವ ದೋಣಿಯ ಅಜ್ಜನ ಪಾರ್ಟು ಸಿಕ್ಕಿತಲ್ಲ, ಆಗ ನಿನ್ನ ನುಣುಪು ಮುಖಕ್ಕೆ ಎಪ್ಪತ್ತು ವರ್ಷ ಹತ್ತಿಸಲು ನನಗೆ ಎರಡು ಗಂಟೆ ಬೇಕಾಗುತ್ತಿತ್ತು. ಆ ಅಜ್ಜನನ್ನು ನೋಡಿಯೇ ಸಿನಿಮಾದವರು ಬಂದದ್ದು. ಆಮೇಲೆ ನೀನು ಎಷ್ಟು ನಾಯಕರಿಗೆ ಅಪ್ಪನಾದೆಯೋ ಲೆಕ್ಕವಿಲ್ಲ. ಅಲ್ಲಿ ಬೇರೆಯವರು ಬಣ್ಣ ಹಚ್ಚಿದರು. ನಾಟಕಕ್ಕೆ ಮಾತ್ರ ನಾನೇ ಬೇಕೆಂದು ನೀನು ಹಟ ಹಿಡಿದೆ. ನಿನ್ನ ಮುಖದ ಎರಡೂ ಭಾಗವನ್ನು ನನ್ನಷ್ಟು ನೋಡಿದವರು ಯಾರೂ ಇಲ್ಲ. ನಿನ್ನ ಹೆಂಡತಿ ಪೂವಮ್ಮಳೂ ಇಲ್ಲ.

ಎರಡು ವರ್ಷದ ಹಿಂದೆ, ಪುತ್ತೂರಿನ ಆ ಪ್ರದರ್ಶನ. ಬಲಭಾಗ ಮುಗಿಸಿ ಎಡಕ್ಕೆ ಬಂದಿದ್ದೆ. ನೀನು ಚಹಾ ಕುಡಿದೆ, ಅದು ಬಾಯಿಯ ಎಡಗಡೆಯಿಂದ ಗದ್ದಕ್ಕೆ ಇಳಿಯಿತು. ನಿನಗೆ ಗೊತ್ತೇ ಆಗಲಿಲ್ಲ. ನಾನು ಒರೆಸಿ ನೋಡುತ್ತೇನೆ, ಎಡತುಟಿಯ ತುದಿ ಒಂದು ಅಕ್ಕಿಕಾಳಿನಷ್ಟು ಕೆಳಗೆ ಇದೆ. ಕನ್ನಡಿ ಹಿಡಿದೆ. ನೀನು ನೋಡಿದೆ. ಏನೋ ಹೇಳಲು ಹೋದೆ, ಮಾತು ದಪ್ಪಗೆ ಬಂತು. ಹೊರಗೆ ಎರಡನೇ ಬೆಲ್ ಹೊಡೆಯಿತು.

ಕಾಲು ಗಂಟೆಯಲ್ಲಿ ತುಟಿ ತನ್ನ ಜಾಗಕ್ಕೆ ಬಂತು, ನಿಜ. ಆದರೆ ಬರುವ ಮೊದಲೇ ನಾನು ಮಾಡಬಾರದ್ದನ್ನು ಮಾಡಿಯಾಗಿತ್ತು. ತುಟಿಯ ಗೆರೆಯನ್ನು ಮೇಲಕ್ಕೆ ಬರೆದೆ. ಕೆನ್ನೆಗೆ ಒಂದು ಸುಕ್ಕು ಜಾಸ್ತಿ ಎಳೆದೆ. ಯಾವನಿಗೂ ಗೊತ್ತಾಗದ ಹಾಗೆ ಎಡವನ್ನು ಬಲಕ್ಕೆ ಹೊಂದಿಸಿದೆ. ಅದು ನನ್ನ ಕೈಯ ಚಾಳಿ, ಕೇಶವ. ಬೇರೆ ಯಾರಾದರೂ ಡಾಕ್ಟರನ್ನು ಕರೆಯುತ್ತಿದ್ದರು. ನಾನು ಬ್ರಷ್ ತೆಗೆದುಕೊಂಡೆ.

ನಾಟಕ ಮುಗಿದ ಮೇಲೆ ತೆಂಗಿನೆಣ್ಣೆ ಹಾಕಿ ಬಣ್ಣ ಉಜ್ಜುವಾಗ ನೀನು ನನ್ನ ಕೈ ಹಿಡಿದೆ.

“ಯಾರತ್ರವೂ ಹೇಳ್ಬೇಡಿ ಹಂಝಾಕ. ರೋಗ ಉಂಟು ಅಂತ ಗೊತ್ತಾದ್ರೆ ನಂಗೆ ಯಾರು ಪಾರ್ಟು ಕೊಡ್ತಾರೆ?”

ನಾನು ಹೇಳಲಿಲ್ಲ. ನಿನ್ನ ಅಪ್ಪ ದೇರಣ್ಣ ಗೌಡರ ವಿಷಯ ನೀನೇ ಹೇಳಿದ್ದು ನನಗೆ ನೆನಪಿತ್ತು. ಗಂಜಿ ಊಟ ಮಾಡುವಾಗ ಅವರ ಬಾಯಿ ಸೊಟ್ಟಗಾಯಿತು, ಸ್ವಲ್ಪ ಹೊತ್ತಿನಲ್ಲಿ ಸರಿಯಾಯಿತು, ಗಾಳಿ ಸೋಕಿದ್ದು ಎಂದು ಮಂತ್ರಿಸಿದ ನೂಲು ಕಟ್ಟಿಸಿದಿರಿ. ವರ್ಷ ತುಂಬುವ ಮೊದಲು, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಲ್ಲೇ ಬಿದ್ದರು. ಮತ್ತೆ ಏಳಲಿಲ್ಲ. ಇಷ್ಟು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಕಡಬದಲ್ಲಿ ಎರಡನೇ ಸಲ. ದೋಣಿಯ ಅಜ್ಜ ಲಾಟೀನು ಎತ್ತಿ ಆಚೆ ದಡ ನೋಡಬೇಕು. ನಿನ್ನ ಎಡಗೈಯಿಂದ ಲಾಟೀನು ಬಿತ್ತು. ನೀನು ಬಿದ್ದ ಲಾಟೀನನ್ನೇ ನೋಡುತ್ತಾ ನಿಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸೈಡ್‌ವಿಂಗಿನಲ್ಲಿ ನಿಂತಿದ್ದ ನನಗೆ ನಿನ್ನ ಕಣ್ಣು ಕಾಣುತ್ತಿತ್ತು. ಅದರಲ್ಲಿ ಅಜ್ಜ ಇರಲಿಲ್ಲ, ಹೆದರಿದ ಚೆನ್ನಕೇಶವ ಇದ್ದ. ಆಮೇಲಿನ ಪ್ರತಿ ಆಟದಲ್ಲೂ ಲಾಟೀನನ್ನು ಬೇಕೆಂದೇ ಬೀಳಿಸಿದೆ. ನಿನ್ನ ಜಾಣತನಕ್ಕೆ ಏನು ಹೇಳುವುದು! ರೋಗವನ್ನೂ ಅಭಿನಯಕ್ಕೆ ಸೇರಿಸಿಕೊಂಡೆ. ನಾನು ಬಣ್ಣದಲ್ಲಿ ಮುಚ್ಚಿದೆ, ನೀನು ಆಟದಲ್ಲಿ ಮುಚ್ಚಿದೆ.

ಕಳೆದ ತಿಂಗಳು ಮಗ ನೌಷಾದ್ ನಿನ್ನ ಹೊಸ ಸಿನಿಮಾಕ್ಕೆ ಕರೆದುಕೊಂಡು ಹೋದ. ಮದುವೆಯಾದ ಮಗಳನ್ನು ಕಳಿಸಿಕೊಡುವಾಗ ನೀನು ನಗುವ ದೃಶ್ಯದಲ್ಲಿ ಪರದೆ ತುಂಬಾ ನಿನ್ನ ಮುಖ. ಬಲಗಡೆ ನಗು ಬಂತು. ಎಡಗಡೆ ಬರಲಿಲ್ಲ. ನನ್ನ ಹಿಂದಿನ ಸಾಲಿನ ಹೆಂಗಸು ಮೂಗು ಒರೆಸಿಕೊಂಡಳು. ಪೇಪರಿನವರು ಆ ಅರ್ಧ ನಗುವನ್ನು ಬಾಯಿ ತುಂಬಾ ಹೊಗಳಿದ್ದಾರಂತೆ, ಪ್ರಶಸ್ತಿ ಸಿಗಬಹುದಂತೆ. ಹೊಗಳಲಿ. ಅದು ಅಭಿನಯ ಅಲ್ಲವೆಂದು ಆ ಥಿಯೇಟರಿನಲ್ಲಿ ಗೊತ್ತಿದ್ದವನು ನಾನೊಬ್ಬ. ಇಂಟರ್ವಲ್ಲಿನ ಮೇಲೆ ನಾನು ಒಳಗೆ ಹೋಗಲಿಲ್ಲ.

ಈಗ ಸೂರಜ್ ಫೋನ್ ಮಾಡಿದ್ದಾನೆ. ಇಪ್ಪತ್ತೊಂದನೇ ತಾರೀಕು ಪುತ್ತೂರಿನಲ್ಲಿ ದೋಣಿಯ ಅಜ್ಜನಿಗೆ ಇಪ್ಪತ್ತೈದು ವರ್ಷ ತುಂಬಿದ ಪ್ರದರ್ಶನ, ಬಣ್ಣಕ್ಕೆ ನಾನೇ ಬರಬೇಕಂತೆ. ಮೂರು ಗಂಟೆಯ ನಾಟಕ, ಕೊನೆಗೆ ಹುಟ್ಟು ಹಾಕುತ್ತಾ ಹಾಕುತ್ತಾ ಸಾಯುವ ಅಜ್ಜ. ಕಷ್ಟಪಟ್ಟು ನಿನ್ನನ್ನೇ ಫೋನಿಗೆ ಕರೆಸಿದೆ. ಮೊದಲು ಡಾಕ್ಟರ ಹತ್ತಿರ ಹೋಗು ಎಂದೆ.

“ಇದೊಂದು ಆಟ ಕಳೀಲಿ ಮಾರಾಯ್ರೆ, ಮತ್ತೆ ನೋಡುವ,” ಎಂದೆ ನೀನು.

ನಾನೇ ಯಾಕೆ ಬೇಕೆಂದು ನನಗೆ ಗೊತ್ತು. ಪ್ರೀತಿ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಬೇರೆಯವನು ಕೂತರೆ ಎಡತುಟಿ ನೋಡಿ ಇದೇನು ಎಂದು ಕೇಳುತ್ತಾನೆ. ನಾನಾದರೆ ಸುಮ್ಮನೆ ಮೇಲಕ್ಕೆ ಬರೆಯುತ್ತೇನೆ.

ಮೂರು ದಿನ ನನಗೆ ಅನ್ನ ಸೇರಲಿಲ್ಲ. ಬೀಫಾತುಮ್ಮ ಬಿಡದೆ ಕೇಳಿದಳು, ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಅಕ್ಕಿ ಆರಿಸುತ್ತಿದ್ದ ಗೆರಸೆ ಕೆಳಗಿಟ್ಟಳು.

“ಮುಚ್ಚಿದ್ದು ನೀವು. ತೆಗೀಬೇಕಾದ್ದೂ ನೀವೇ. ಆ ಪೂವಮ್ಮನ ಮುಖ ನೆನಪು ಮಾಡಿ.”

ಇವತ್ತು ಬೆಳಿಗ್ಗೆ ಬರೆಯಲು ಕೂತೆ. ಇಷ್ಟು ಬರೆದು ಅಂಚೆಗೆ ಹಾಕುವುದೆಂದಿದ್ದೆ. ಅಷ್ಟರಲ್ಲಿ ನಿನ್ನ ಮಗಳು ಸುರಕ್ಷಾ ಮೊಬೈಲಿಗೆ ವಿಡಿಯೋ ಕಳಿಸಿದಳು, ಸುಳ್ಯದಲ್ಲಿ ನಿನ್ನೆ ನಿನಗೆ ಮಾಡಿದ ಸನ್ಮಾನದ್ದು. ‘ಅಪ್ಪನನ್ನು ನೋಡಿ ಹಂಝಾಕ’ ಎಂದು ಬರೆದು ನಗುವ ಚಿತ್ರ ಹಾಕಿದ್ದಾಳೆ ಪಾಪ. ಶಾಲು ನಿನ್ನ ಎಡಹೆಗಲಿನಿಂದ ಜಾರಿತು. ಬಲಗೈಯಲ್ಲಿ ಹಿಡಿದುಕೊಂಡೆ. ಹಣ್ಣಿನ ಬುಟ್ಟಿ ಕೊಟ್ಟರು, ಬಲಗೈಯಲ್ಲೇ ತಬ್ಬಿಕೊಂಡೆ. ವಿಡಿಯೋ ನಾಲ್ಕು ನಿಮಿಷದ್ದು. ನಾನು ಐದು ಸಲ ನೋಡಿದೆ. ನಿನ್ನ ಎಡಗೈ ತೊಡೆಯ ಮೇಲಿಂದ ಒಮ್ಮೆಯೂ ಏಳಲಿಲ್ಲ.

ಆದ್ದರಿಂದ ಅಂಚೆ ಬೇಡ. ಇದನ್ನು ನೌಷಾದ್ ಬೈಕಿನಲ್ಲಿ ತರುತ್ತಾನೆ, ನಿನ್ನ ಕೈಗೇ ಕೊಡುತ್ತಾನೆ. ನನ್ನ ಮಂಡಿಗೆ ಬೈಕು ಆಗದು, ನಾನು ಹಿಂದಿನಿಂದ ಬಸ್ಸಿನಲ್ಲಿ ಬರುತ್ತೇನೆ. ಪೂವಮ್ಮಳಿಗೆ ಈಗಲೇ ಫೋನ್ ಮಾಡುತ್ತೇನೆ. ನಿನಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ, ಬೈಯುವುದಿದ್ದರೆ ಬೈ. ಮಂಗಳೂರಿನ ಆಸ್ಪತ್ರೆಗೆ ಹೋಗಲು ಅವಳು ಕಾರು ತರಿಸಿ ಇಟ್ಟಿರುತ್ತಾಳೆ. ಬಣ್ಣದ ಪೆಟ್ಟಿಗೆಯನ್ನು ಬೀಫಾತುಮ್ಮ ಅಟ್ಟಕ್ಕೆ ಹಾಕಿಯಾಯಿತು. ಡಾಕ್ಟರು ಹೂಂ ಅನ್ನದೆ ಇಪ್ಪತ್ತೊಂದಕ್ಕೆ ಅದು ಕೆಳಗೆ ಇಳಿಯುವುದಿಲ್ಲ.

ಈ ಕಾಗದವನ್ನು ನೀನು ಬಲಗೈಯಲ್ಲಿ ಹಿಡಿದಿದ್ದೀ, ಅಲ್ಲವೇ? ನಾನು ಬಂದು ಬಾಗಿಲು ತಟ್ಟುತ್ತೇನೆ. ಬೇರೆ ಯಾರನ್ನೂ ಕಳಿಸಬೇಡ, ನೀನೇ ಬಾ. ನನ್ನ ಹೆದರಿಕೆ ಸುಳ್ಳಾಗಿದ್ದರೆ ನಿನ್ನ ಕಾಲ ಬಳಿ ಕೂತು ಪೆಟ್ಟಿಗೆ ಬಿಚ್ಚುತ್ತೇನೆ. ಪಡೆದವನಾದ ದೇವರು ನಿನ್ನನ್ನು ಕಾಯಲಿ, ನಾನು ಮುಚ್ಚಿಟ್ಟ ತಪ್ಪಿನಿಂದಲೂ ಕಾಯಲಿ.

ಒಂದೇ ಒಂದು ಕೇಳುತ್ತೇನೆ, ಮಗಾ. ಬಾಗಿಲಿನ ಚಿಲಕವನ್ನು ಎಡಗೈಯಿಂದ ತೆಗಿ.

ನಿನ್ನ,
ಹಂಝಾಕ