‘ಹೂಂ’ ಅನ್ನುವವಳನ್ನು ಹೊರಗೆ ಕಳಿಸಿ ಕಥೆ ಕೇಳಿದವರಿಗೆ

ಜಿಲ್ಲೆಯ ಹಿರಿಯರ ಕಥೆಗಳನ್ನು ಉಳಿಸಲು ಹೊರಟಿರುವ ಯೋಜನಾಧಿಕಾರಿಗಳೇ,

ನಮ್ಮವ್ವನ ಕಥೆಯನ್ನು ನೀವು ಉಳಿಸಲಿಲ್ಲ, ಕಳೆದಿರಿ. ಉಳಿದ ಮಾತು ಆಮೇಲೆ.

ಕೃಷ್ಣೆ ಉಕ್ಕಿದ ವರ್ಷ ತಿಂಥಣಿ ಕಡೆಯ ನಮ್ಮ ಓಣಿಯ ಹೆಂಗಸರು ಕೂಸುಗಳನ್ನು ಹೇಗೆ ನೀರು ದಾಟಿಸಿದರು, ಯಾರ ಮನೆಯಲ್ಲಿ ಯಾರು ಉಂಡರು ಎಂಬುದೆಲ್ಲ ನಮ್ಮವ್ವ ಮಲ್ಲಾಬಾಯಿಯ ಬಾಯಲ್ಲಿತ್ತು. ಅವಳು ಹೇಳಬೇಕು, ಪಕ್ಕದ ಮನೆಯ ಪಾರ್ವತಿಬಾಯಿ ಮಾತು ಮಾತಿಗೂ ‘ಹೂಂ’ ಅನ್ನಬೇಕು. ನಮ್ಮ ಕಡೆ ಕಥೆ ನಡೆಯುವುದೇ ಹಾಗೆ. ಹೂಂ ಬರದಿದ್ದರೆ, ಕೇಳುವವರಿಗೆ ಬೇಸರವಾಯಿತೆಂದು ಹೇಳುವವರು ನಿಲ್ಲಿಸುತ್ತಾರೆ. ಸುರಪುರದ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತಲ್ಲ ಸ್ವಾಮಿ?

ನಿಮ್ಮ ತಂಡ ಬಂತು. ಫ್ಯಾನು ಬಂದ್ ಮಾಡಿಸಿತು, ಸರಿ. ಆಮೇಲೆ “ಅಜ್ಜಿ, ನಿಮ್ಮ ಹೂಂ ರೆಕಾರ್ಡಿಂಗಿಗೆ ಅಡ್ಡ ಬರ್ತದೆ” ಎಂದು ಪಾರ್ವತಿಬಾಯಿಯನ್ನು ಅಂಗಳಕ್ಕೆ ಕಳಿಸಿತು.

“ಆಕಿ ಇಲ್ದ ನಾ ಯಾರಿಗ್ ಹೇಳ್ಲೆಪಾ?” ಎಂದಳಂತೆ ಅವ್ವ.

“ಮೈಕಿಗೆ ಹೇಳಿ.”

ಆಹಾ, ಎಂಥ ತರಬೇತಿ! ನಾನು ಅಂಗನವಾಡಿ ಕೆಲಸದಲ್ಲಿದ್ದೆ. ಮನೆಯಲ್ಲಿದ್ದಿದ್ದರೆ ಮೈಕನ್ನೇ ಅಂಗಳದಲ್ಲಿಡುತ್ತಿದ್ದೆ.

ಆ ವಾರವೇ ಅವ್ವ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ನಿಮ್ಮ ರೆಕಾರ್ಡಿಂಗ್ ತರಿಸಿ ಫೋನಿನಲ್ಲಿ ಹಾಕಿದೆ. ನೀರು ಏರುತ್ತದೆ, ಹೆಂಗಸರು ಕೂಸುಗಳನ್ನು ಎತ್ತಿಕೊಳ್ಳುತ್ತಾರೆ, ಅಲ್ಲಿ ಅವ್ವ ಮಾತು ನಿಲ್ಲಿಸುತ್ತಾಳೆ. “ಕೇಳಾಕತ್ತೀರೇನ್ರಿ?” ಸದ್ದಿಲ್ಲ. ನಿಮ್ಮವರು ತಲೆಯಾಡಿಸಿರಬೇಕು. ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಮಹಾಶಯರೇ. ನನ್ನ ಪಕ್ಕ ಕೂತಿದ್ದ ಪಾರ್ವತಿಬಾಯಿ ಫೋನಿಗೆ ಬಾಗಿ, “ಹೂಂ, ಹೇಳ ಮಲ್ಲಕ್ಕ” ಅಂದಳು. ಫೋನಿನೊಳಗಿನ ಅವ್ವ, “ನಿಮಗ ಬ್ಯಾಸರಾಗ್ಯಾದ, ಸಾಕ್ ಬಿಡ್ರಿ” ಎಂದಳು. ಅಷ್ಟೇ, ಮುಗಿಯಿತು.

‘ಆ ಇನ್ನೊಬ್ಬ ಅಜ್ಜಿಗೆ ಕಥೆ ಗೊತ್ತಲ್ಲ, ಅವರೇ ಹೇಳಲಿ’ ಎಂದು ನಿಮ್ಮ ಕಚೇರಿ ಸಲಹೆ ಕೊಟ್ಟಿತು. ಗೊತ್ತು. ಆದರೆ ಬಾಯಿ ತೆರೆದರೆ ಆಕೆಗೆ ಅಳುವೇ ಬರುತ್ತದೆ. ಅದನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೀರಾ?

ಮುಂದಿನ ವಾರ ನೀವು ಶಿರವಾಳದ ಬಸವಂತ್ರಾಯ ಮುತ್ಯಾನ ಮನೆಗೆ ಹೊರಟಿದ್ದೀರಂತೆ. ಅವರ ಗೆಳೆಯ ಆಸೀಫ್ ಸಾಬರನ್ನು ಪಕ್ಕದಲ್ಲೇ ಕೂಡ್ರಿಸಿರಿ, ಬಾಯ್ತುಂಬ ಹೂಂ ಅನ್ನಲಿ. ಇನ್ನು ನಿಮ್ಮ ಜಾಲತಾಣದಲ್ಲಿ ಅವ್ವನ ಫೋಟೊದ ಕೆಳಗೆ ‘ಕಥೆ ಸಂಗ್ರಹವಾಗಿದೆ’ ಎಂದಿದೆ. ಅದನ್ನು ತೆಗೆಯಿರಿ. ತನ್ನ ಮಾತು ಯಾರಿಗೂ ಬೇಡವಾಯಿತು ಎಂದುಕೊಂಡೇ ಈಕೆ ಹೋದಳು ಎಂದು ಬರೆಯಿರಿ.

ಇಂತಿ,
ಆ ಹೊತ್ತು ಮನೆಯಲ್ಲಿರದ ಮಗಳು
ಅಂಜನಾ, ಸುರಪುರ