ಮಗ್ಗ ನಿಲ್ಲಿಸುವ ಸನ್ನೆ

ಜುಲೈ ೮, ೧೯೯೭

ಬೆಳಗಿನ ಡ್ಯೂಟಿ. ಸಕ್ಷನ್, ಬಿಪಿ, ಚಾರ್ಟು... ನಮ್ಮ ನರ್ಸಿಂಗ್ ಹೋಮಿನ ಒಂದೇ ವೆಂಟಿಲೇಟರಿನಲ್ಲಿ ಪಿಳ್ಳಮ್ಮ. ದೊಡ್ಡಬಳ್ಳಾಪುರದ ಪವರ್‌ಲೂಮ್ ಮಗ್ಗದವಳು, ಉಬ್ಬಸ ಕೆರಳಿ ಬಂದವಳು. ಬಾಯಲ್ಲಿ ಟ್ಯೂಬು, ಮಾತಿಲ್ಲ. ಸದಾ ಕೈ ಆಡಿಸುತ್ತಾಳೆ. ಟ್ಯೂಬ್ ಕಿತ್ತುಕೊಂಡಾಳೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದೇವೆ.

ಮಲಗಿದ್ದಂತೆಯೇ ಮೆಷಿನ್ ಬಿಡಿಸಲು ಮತ್ತೆ ನೋಡಿದೆವು. ಏದುಸಿರು. ಗುರುವಾರ ಕತ್ತು ಕೊಯ್ದು ಅಲ್ಲಿಂದ ಟ್ಯೂಬ್ ಹಾಕುವುದೆಂದರು ಡಾಕ್ಟರು. ಮಗ ಶ್ರೀಧರ್, "ನೀವ್ ಹೆಂಗಂದ್ರೆ ಹಂಗೆ ಸಾರ್" ಅಂದ. ಅವಳನ್ನು ಯಾರೂ ಕೇಳಲಿಲ್ಲ. ಪೂರ್ತಿ ಎಚ್ಚರವಾಗಿದ್ದಾಳೆ! ಮೈ ಉರಿಯಿತು.

ಜುಲೈ ೯

ಮೈ ಒರೆಸಲೆಂದು ಕೈ ಬಿಚ್ಚಿದೆ. ಮತ್ತೆ ಶುರು. ಆದರೆ ಟ್ಯೂಬಿನ ಕಡೆ ಹೋಗಲೇ ಇಲ್ಲ ಕೈ. ಗಾಜಿನ ಬಾಗಿಲ ಕಡೆ! ಆಚೆ ಗಂಡ ಆದಿನಾರಾಯಣಪ್ಪ — ಅವನ ಕೈಯೂ ಆಡುತ್ತಿತ್ತು. ಓಡಿಹೋಗಿ ಕೇಳಿದೆ.

"ಮಾತಾಡ್ತಿದೀವಿ ಕಣಮ್ಮ. ಮಗ್ಗದ್ ಸದ್ದಲ್ಲಿ ಬಾಯ್ಮಾತು ಎಲ್ ಕೇಳ್ಸುತ್ತೆ? ನಮ್ದೆಲ್ಲಾ ಕೈಮಾತೇ. ನೀವು ಕಟ್ಟಾಕ್ಬಿಟ್ರಿ, ಮೂಗಿ ಆಗೋದ್ಲು."

ಥೂ ನಮ್ಮ! ಮಾತಾಡುವವಳ ಬಾಯಿ ಕಟ್ಟಿದ್ದೆವು.

"ಈಗ ಏನಂತಾರೆ?"

"ಮಲ್ಗಿಸಿದ್ರೆ ಉಸ್ರು ಹಿಡ್ಯುತ್ತಂತೆ. ಕೂರ್ಸಿ ಮಿಷಿನ್ ತೆಗೀಲಿ, ಆಗ್ದಿದ್ರೆ ಕತ್ ಕುಯ್ಲಿ ಅಂತಾಳೆ."

ಡಾಕ್ಟರಿಗೆ ಹೇಳಿದೆ. "ಪೇಷೆಂಟ್ ಹೇಳ್ದಂಗೆ ವೆಂಟಿಲೇಟರ್ ನಡ್ಸೋಕಾಗುತ್ತೇನ್ರೀ ಸಿಸ್ಟರ್?"

"ಉಸಿರು ಅವರದ್ದಲ್ವಾ ಸಾರ್?" ಅಂದುಬಿಟ್ಟೆ. ಸಿಡುಕಿದರು. ಆಮೇಲೆ ತಾವೇ ಗಾಜಿನ ಹತ್ತಿರ ನಿಂತು ಆ ಕೈಗಳನ್ನು ನೋಡಿದರು. ನಾಳೆ ನೋಡೋಣ ಅಂದರು.

ಜುಲೈ ೧೦

ಗಂಡನಿಗೆ ಗೌನ್ ಹಾಕಿಸಿ ಒಳಗೆ ಕರೆತಂದೆ. ಪಿಳ್ಳಮ್ಮನನ್ನು ಕೂರಿಸಿದೆವು. ಅವರ ಕೈಮಾತಲ್ಲಿ ಅಂಗೈ ಅಡ್ಡ ಹಿಡಿದರೆ 'ಮಗ್ಗ ನಿಲ್ಲಿಸು' ಎಂದು ಗಂಡ ತೋರಿಸಿಕೊಟ್ಟ. "ಸಾಕು ಅನ್ಸಿದ್ರೆ ಹಂಗ್ ಹಿಡೀರಿ, ತಕ್ಷಣ ಮತ್ತೆ ಮೆಷಿನ್ ಹಾಕ್ತೀವಿ" ಎಂದು ಡಾಕ್ಟರು ಅವಳಿಗೇ ಹೇಳಿದರು!

ಮೆಷಿನ್ ಬಿಡಿಸಿದೆವು. ಉಸಿರು ಏರಿತು. ಬಾಗಿಲಲ್ಲಿ ಶ್ರೀಧರ್, "ಹಾಕ್ಬಿಡಿ ಸಾರ್, ಹಾಕ್ಬಿಡಿ!" ಡಾಕ್ಟರ ಕೈ ಮೆಷಿನ್ ಕಡೆ ಹೋಯಿತು. ನಾನು ಪಿಳ್ಳಮ್ಮನ ಕೈಯನ್ನೇ ನೋಡುತ್ತಿದ್ದೆ. ಅಂಗೈ ಅಡ್ಡವಾಗಲಿಲ್ಲ. ಬೆರಳು ಗುಂಡಗೆ ಸುತ್ತಿತು.

"ಓಡ್ಲಿ ಅಂತಾಳೆ ಸಾರ್" ಎಂದ ಗಂಡ. "ಮಗ್ಗ ಓಡ್ಲಿ."

ಡಾಕ್ಟರು ಕೈ ಹಿಂತೆಗೆದರು. ಉಸಿರು ಓಡಿತು!

ಜುಲೈ ೧೧

ಟ್ಯೂಬ್ ತೆಗೆದೆವು. ಗೆದ್ದೆವು! ಅಲ್ಲ, ಗೆದ್ದಳು. ಕಟ್ಟಿದ ಗಂಟಲಲ್ಲೇ ಮೊದಲ ಮಾತು ಮಗನಿಗೆ — "ನನ್ ಕತ್ ಕುಯ್ಯಕ್ಕೆ ಹೂಂ ಅನ್ನಕ್ಕೆ ನೀನ್ಯಾವನ್ಲಾ?" ಡಾಕ್ಟರೂ ನಕ್ಕರು. ಖುಷಿಗೆ ನನಗೆ ಅಳು ಬಂತು.

ಆಗಸ್ಟ್ ೨, ಸಂಜೆ

ಅದೇ ವೆಂಟಿಲೇಟರಿನಲ್ಲಿ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಯ ಬೀರೇಶ್. ಹೊಸ ನರ್ಸ್ ಕೈ ಕಟ್ಟಲು ಬಟ್ಟೆ ತಂದಳು. ಡಾಕ್ಟರೇ ತಡೆದರು, "ಮೊದ್ಲು ಅವನ್ನ ಕೇಳಮ್ಮ." ನನ್ನ ಎದೆ ಉಬ್ಬಿತು. ಏನಾದರೂ ಬೇಕೆಂದರೆ ಕೈ ಎತ್ತಪ್ಪಾ ಎಂದು ಹೇಳಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಅಗೋ, ಎತ್ತಿದ —