ಲೀಟರಿಗೆ ಎಪ್ಪತ್ತು

ಹೊಸಬಾವಿಹಾಳ, ಕಪ್ಪತಗುಡ್ಡದ ತಪ್ಪಲು
ಇಸವಿ ೨೧೯೪, ಎರಡನೆಯ ಬೇಸಿಗೆ, ಮೂವತ್ತಾರನೆಯ ದಿನ

ಇನ್ನೂ ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿ ನಿಲ್ಲುತ್ತಿರುವ ಹಿರಿಯರಿಗೆ, ನಿಮ್ಮ ಆರನೆಯ ತಲೆಮಾರಿನ ದ್ಯಾಮಕ್ಕನ ನಮಸ್ಕಾರ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ; ತಿಂಗಳ ಹೆಸರು ಹಿಡಿದು ಮಳೆಗೆ ಕಾಯುವುದನ್ನು ನಮ್ಮಜ್ಜಿಯ ಕಾಲಕ್ಕೇ ಬಿಟ್ಟುಬಿಟ್ಟರು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ನಿಮ್ಮ ಮಾತೂ ನಮಗೆ ಹಾಗೆಯೇ ಕೇಳಿಸುತ್ತದೆ. ಆದರೂ ಒಂದು ಪ್ರಶ್ನೆ ಮಾತ್ರ ನಿಮ್ಮಿಂದ ನಮ್ಮ ತನಕ ಸವೆಯದೆ ಬಂದಿದೆ. ಗಾಡಿ ಎಷ್ಟು ಕೊಡುತ್ತದೆ ಎಂದು ನೀವು ಕೇಳುತ್ತಿದ್ದಿರಲ್ಲ, ನಾವೂ ಹಾಗೇ ಕೇಳುತ್ತೇವೆ. ನೀವು ಮೈಲೇಜ್ ಎನ್ನುತ್ತಿದ್ದುದಕ್ಕೆ ನಮ್ಮ ಹೆಸರು ಕೊಡುಗೆ. ಅದರ ವಿಷಯವಾಗಿಯೇ ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೀವು ಕಲಿಸಿಹೋದ ಒಂದು ಚಾಳಿಯಿಂದ ನನ್ನ ಮಗಳು ಕಸ್ತೂರಿ ತೀರಿಕೊಂಡಳು.

ಮೊದಲು ನಮ್ಮ ಬದುಕು ಹೇಗಿದೆ ಎಂದು ಹೇಳಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನಮ್ಮೂರಿನಲ್ಲಿ ಹದಿನಾಲ್ಕು ಗಾಡಿಗಳಿವೆ, ಎಲ್ಲವೂ ನಿಮ್ಮ ಕಾಲದ ಎರಡು ಗಾಲಿಯ ಗಾಡಿಗಳ ಎಂಜಿನ್‌ಗಳನ್ನು ಬಿಚ್ಚಿ ಕೂಡಿಸಿದವು. ಕರೆಂಟಿನ ಗಾಡಿಗಳ ಬ್ಯಾಟರಿಗಳು ಎಂದೋ ಸತ್ತವು. ಗುಡ್ಡದ ಮೇಲಿನ ಗಾಳಿಕಂಬಗಳಲ್ಲಿ ಕೆಲವು ಇಂದಿಗೂ ತಿರುಗುತ್ತವೆ, ಆ ಕರೆಂಟೆಲ್ಲ ನೀರೆತ್ತುವುದಕ್ಕೇ ಹೋಗುತ್ತದೆ. ಗಾಡಿಗೆ ಉಳಿದದ್ದು ಹೊಂಗೆ ಎಣ್ಣೆ. ಊರವರೆಲ್ಲ ಬೀಜ ಆರಿಸಿ ತಂದು ಹಾಕುತ್ತೇವೆ, ಎಣ್ಣೆಮನೆಯ ಹಜರೇಸಾಬ ಹಿಂಡಿ, ಕಾಸಿ, ಸೋಸಿ ಕಲ್ಲಿನ ತೊಟ್ಟಿಯಲ್ಲಿ ಇಡುತ್ತಾನೆ. ಯಾರ ಮನೆಯಲ್ಲೂ ಒಂದು ಹನಿ ಇಟ್ಟುಕೊಳ್ಳುವಂತಿಲ್ಲ. ಹೋಗಬೇಕಾದ ದೂರ ಎಷ್ಟು, ಗಾಡಿಯ ಕೊಡುಗೆ ಎಷ್ಟು ಎಂದು ಕೇಳಿ, ಅಷ್ಟಕ್ಕೆ ಸರಿಯಾಗಿ ಅಳೆದು ಕೊಡುತ್ತಾರೆ. ಬರುವಾಗಿನ ಎಣ್ಣೆಯನ್ನು ಹೋದ ಊರಿನ ಎಣ್ಣೆಮನೆ ಕೊಡುತ್ತದೆ.

ಇನ್ನು ಆ ಕೊಡುಗೆಯ ಅಂಕಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಕೇಳಿ. ವರ್ಷಕ್ಕೊಮ್ಮೆ ನುಡಿದಿನ ಎಂದು ಮಾಡುತ್ತೇವೆ. ಅಂದು ಗಾಡಿಯಿರುವ ಪ್ರತಿ ಮನೆಯ ಯಜಮಾನ ಕಟ್ಟೆಯ ಮುಂದೆ ಎದ್ದು ನಿಂತು ತನ್ನ ಗಾಡಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರಿಗಿಂತ ಹೆಚ್ಚು ಹೇಳಿದ ಮನೆಯ ಗಾಡಿಯೇ ಆ ವರ್ಷದ ಕರೆಗಾಡಿ. ಹೆರಿಗೆಯಿರಲಿ, ಹಾವು ಕಚ್ಚಿರಲಿ, ಮೊದಲು ಅದನ್ನೇ ಕರೆಯುತ್ತಾರೆ, ಕಡಿಮೆ ಎಣ್ಣೆಯಲ್ಲಿ ಹೋಗಿಬರುತ್ತದಲ್ಲ ಎಂದು. ಅದೊಂದು ದೊಡ್ಡ ಗೌರವ. ಇನ್ನೊಬ್ಬರ ಮನೆಯ ಅಂಕಿಯನ್ನು ಅನುಮಾನಿಸುವುದೆಂದರೆ ಆ ಮನೆಯ ಹೆಂಗಸರ ಬಗ್ಗೆ ಹಗುರವಾಗಿ ಮಾತಾಡಿದಷ್ಟೇ ಕೆಟ್ಟದ್ದು. ತಪ್ಪಾಗಿದ್ದರೆ ಅದೇ ಮನೆಯವರು ತಿದ್ದಬಹುದು, ಆದರೆ ಯಾರೂ ತಿದ್ದಿದ್ದಿಲ್ಲ. ಅಪ್ಪ ಹೇಳಿದ ಅಂಕಿಗಿಂತ ಮಗ ಕಡಿಮೆ ಹೇಳಿದರೆ ಸತ್ತ ಅಪ್ಪನನ್ನು ಸುಳ್ಳ ಎಂದಂತೆ. ಹಾಗಾಗಿ ಎಂಜಿನ್ ಮುದಿಯಾಗುತ್ತದೆ, ಗಾಲಿ ಸವೆಯುತ್ತದೆ, ಅಂಕಿ ಮಾತ್ರ ಮದುವಣಿಗನಂತೆ ನೆಟ್ಟಗೆ ನಿಂತಿರುತ್ತದೆ.

ಇದನ್ನು ನಾವೇನು ಹೊಸದಾಗಿ ಕಟ್ಟಿಕೊಂಡೆವೇ? ನಮ್ಮ ಶಾಲೆಯಲ್ಲಿ ದನಿಪಾಠ ಎಂದಿದೆ. ನಿಮ್ಮ ಹಾಳಾದ ಫೋನುಗಳಿಂದ ಬಿಡಿಸಿದ ಮಾತುಗಳನ್ನು ಮಕ್ಕಳಿಗೆ ಕೇಳಿಸುತ್ತಾರೆ. ಅದರಲ್ಲಿ ಗದಗಿನ ಚಹಾದ ಅಂಗಡಿಯೊಂದರ ಮುಂದೆ ನಿಂತ ಒಬ್ಬ ಪುಣ್ಯಾತ್ಮನ ದನಿಯಿದೆ. "ಕಣ್ಣ ಮುಚ್ಚಿ ಅರವತ್ತೈದ ಕೊಡತೈತಿ ನೋಡ್ರಿ. ರಿಸರ್ವಿಗೆ ಬಿದ್ದಮ್ಯಾಲೂ ಊರ ಮುಟ್ಟಿಸೇತಿ." ಸುತ್ತ ನಿಂತವರು ಹೌದಾ ಹೌದಾ ಎನ್ನುತ್ತಾರೆ. ಹಿಂದೆ ಎಷ್ಟು ಜನ ಕೂತಿದ್ದರು, ಏರಿತ್ತೋ ಇಳಿಜಾರೋ, ಎಷ್ಟು ಸಲ ಅಳೆದೆ ಎಂದು ಒಬ್ಬನೂ ಕೇಳುವುದಿಲ್ಲ. ಬಂಕಿನಲ್ಲಿ ಗಾಡಿಯನ್ನು ಅಲುಗಾಡಿಸಿ ಇನ್ನೊಂದು ಗುಟುಕು ಹಿಡಿಸುವಷ್ಟು ಕಾಳಜಿ ನಿಮಗಿತ್ತು. ಅದು ದಿನಾ ಎಷ್ಟು ದೂರ ಒಯ್ಯುತ್ತದೆ ಎಂದು ನೋಡುವ ಪುರುಸೊತ್ತು ಇರಲಿಲ್ಲ. ಒಂದು ಒಳ್ಳೆಯ ದಿನದ ಅಂಕಿಯನ್ನು ಜನ್ಮದುದ್ದಕ್ಕೂ ಹೇಳಿಕೊಂಡು ತಿರುಗಿದಿರಿ.

ನಮ್ಮ ಮನೆಯ ಅಂಕಿ ಎಪ್ಪತ್ತು. ನನ್ನ ಗಂಡ ಫಕೀರಗೌಡರ ಅಜ್ಜ ಒಮ್ಮೆ ಒಬ್ಬರೇ ಗದಗಿನಿಂದ ಬಂದಿದ್ದರಂತೆ, ಬೆನ್ನಿಗೆ ಗಾಳಿ, ಸಣಕಲು ದೇಹ, ಹೊಸ ಗಾಲಿ. ಅಂದು ಎಪ್ಪತ್ತು ಕೊಟ್ಟಿತು. ಅಂದಿನ ಮಟ್ಟಿಗೆ ಅದು ಸುಳ್ಳೇನಲ್ಲ. ಆಮೇಲೆ ಮಾವನವರೂ ಎಪ್ಪತ್ತು ಎಂದರು, ಇವರೂ ಎಪ್ಪತ್ತು ಎಂದರು. ಒಂಬತ್ತು ವರ್ಷ ನಮ್ಮದೇ ಕರೆಗಾಡಿ. ದಾರಿಯಲ್ಲಿ ಎಣ್ಣೆ ತೀರಿ ನಿಂತಾಗಲೆಲ್ಲ ಗಾಳಿಯನ್ನೋ ಏರನ್ನೋ ಬೈದು ತಳ್ಳಿಕೊಂಡು ಹೋಗುತ್ತಿದ್ದರು, ಅಂಕಿಯನ್ನು ಯಾರೂ ಬೈಯಲಿಲ್ಲ.

ಹೋದ ಬೇಸಿಗೆಯಲ್ಲಿ ಹೊಂಗೆಬೀಜ ಆರಿಸುವಾಗ ಕಸ್ತೂರಿಗೆ ಹಾವು ಕಚ್ಚಿತು. ಹತ್ತೊಂಬತ್ತು ತುಂಬಿತ್ತು ಅವಳಿಗೆ. ವಿಷದ ಮದ್ದು ಇರುವುದು ಗದಗಿನಲ್ಲಿ, ನಲವತ್ತೆಂಟು ಕಿಲೋಮೀಟರ್. ಹಜರೇಸಾಬ ಅಳತೆಪಾತ್ರೆ ಹಿಡಿದು ಕೇಳಿದ, "ಎಪ್ಪತ್ತಂದ್ರ ಮುಕ್ಕಾಲ್ ಲೀಟರ್ ಸಾಕಲ್ರೀ ಗೌಡ್ರ?" ಇವರು ಗಾಡಿ ಒದೆಯುತ್ತಲೇ ಹೇಳಿದರು, "ಸಾಕಾಗಿ ಉಳೀತೈತಿ." ನಡುವೆ ಮಗಳನ್ನು ಕೂರಿಸಿಕೊಂಡು ನಾನು ಹಿಂದೆ ಹಿಡಿದು ಕೂತೆ. ಎದುರುಗಾಳಿ, ಮೂರು ಜನರ ಭಾರ. ಇಪ್ಪತ್ತೆಂಟನೆಯ ಕಿಲೋಮೀಟರ್ ಕಲ್ಲು ದಾಟಿದ ಕೂಡಲೇ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. "ಯವ್ವಾ, ಗಾಡಿ ಯಾಕ ನಿಂತ್ತು?" ಎಂದಳು ಕಸ್ತೂರಿ. ಈಗ ಹೋಗತೈತಿ ತಡಿಯವ್ವಾ ಎಂದೆ. ಇವರು ಗಾಡಿಯನ್ನು ಮಲಗಿಸಿ, ಎತ್ತಿ, ಅಲುಗಾಡಿಸಿ ಒದ್ದೇ ಒದ್ದರು. ಕೊನೆಗೆ ಜೋಳ ಹೇರಿದ ಎತ್ತಿನ ಚಕ್ಕಡಿಯೊಂದು ಸಿಕ್ಕಿತು. ಗದಗಿನ ಮನೆಗಳು ಕಾಣುವಷ್ಟು ಹತ್ತಿರ ಹೋಗಿದ್ದೆವು, ನನ್ನ ತೊಡೆಯ ಮೇಲೆಯೇ ಹೋದಳು.

ಹಾವು ಕಚ್ಚಿ ಹೋದಳು ಎಂದು ಊರು ಹೇಳಿತು. ಇವರೂ ಅದನ್ನೇ ಹೇಳಿದರು. ನನಗೆ ಮಾತ್ರ ಆ ಎಂಜಿನ್ನಿನ ಕೆಮ್ಮು ಕಿವಿಯಿಂದ ಹೋಗಲಿಲ್ಲ. ಆಮೇಲೆ ಸಂತೆಗೆ, ತವರಿಗೆ, ಬೀಜದ ಮೂಟೆ ತರುವುದಕ್ಕೆ, ಎಲ್ಲಿಗೇ ಹೋದರೂ ಗಾಡಿ ನಾನೇ ಓಡಿಸತೊಡಗಿದೆ. ತುಂಬಿದ ಎಣ್ಣೆ ಎಷ್ಟು, ಮುಟ್ಟಿದ ಕಲ್ಲು ಯಾವುದು ಎಂದು ಪ್ರತಿ ಸಲ ನೋಡಿದೆ. ಒಬ್ಬಳೇ ಹೋದರೆ ನಲವತ್ತಾರು. ಮೂಟೆ ಹೇರಿದರೆ ಮೂವತ್ತೊಂಬತ್ತು. ಗಾಲಿಯಲ್ಲಿ ಗಾಳಿ ಕಡಿಮೆಯಾದ ದಿನ ಇನ್ನೂ ಇಳಿಯುತ್ತಿತ್ತು. ಎಲ್ಲ ದಿನಗಳನ್ನೂ ಕೂಡಿಸಿ ಹಂಚಿದರೆ ನಲವತ್ತೊಂದು. ಎಪ್ಪತ್ತು ಒಂದು ದಿನವೂ ಬರಲಿಲ್ಲ. ಗಂಡನಿಗೆ ಹೇಳಲು ಹೋದರೆ, "ನಿನಗ ಓಡಸಾಕ ಬರೂದಿಲ್ಲ" ಎಂದು ಎದ್ದುಹೋಗುತ್ತಿದ್ದರು.

ಇವತ್ತು ಬೆಳಿಗ್ಗೆ ನುಡಿದಿನ. ಪಕ್ಕದ ಮನೆಯ ರೇಣವ್ವನ ಸೊಸೆಗೆ ಎಂಟು ತಿಂಗಳು ತುಂಬಿದೆ, ಕೂಸು ಅಡ್ಡ ತಿರುಗಿದೆ, ಗದಗಿಗೇ ಒಯ್ಯಬೇಕು ಎಂದು ಸೂಲಗಿತ್ತಿ ಹೇಳಿದ್ದಾಳೆ. ಕರೆಗಾಡಿ ನಮ್ಮದಾದರೆ ಆ ಹುಡುಗಿ ಕೂರುವುದು ಅದೇ ಸೀಟಿನ ಮೇಲೆ, ಸಿಗುವುದು ಅದೇ ಮುಕ್ಕಾಲು ಲೀಟರ್. ನನ್ನ ಗಂಡ ಈ ಸಲವಾದರೂ ನಿಜ ಹೇಳುತ್ತಾರೆ ಎಂದು ಕಾದೆ. ಅವರು ಎದ್ದು, ಗಂಟಲು ಸರಿಮಾಡಿಕೊಂಡು, ಎಪ್ಪತ್ತು ಎಂದರು. ನಾನು ಎದ್ದು ನಿಂತು ನಲವತ್ತೊಂದು ಎಂದೆ. ಹಜರೇಸಾಬ ತಲೆ ತಗ್ಗಿಸಿ ನಲವತ್ತೊಂದು ಎಂದು ಲೆಕ್ಕಕ್ಕೆ ಹಿಡಿದುಕೊಂಡ, ಕರೆಗಾಡಿ ಬೇರೆಯವರ ಮನೆಗೆ ಹೋಯಿತು. ಆ ಮನೆಯ ಅಂಕಿ ಎಷ್ಟು ನಿಜವೋ ದೇವರಿಗೇ ಗೊತ್ತು. ಹೇಗಿದ್ದರೂ ಆ ಹುಡುಗಿ ಹೊರಡುವ ದಿನ ಒಂದೂವರೆ ಲೀಟರ್ ಹಾಕು ಎಂದು ಹಜರೇಸಾಬನ ಕಿವಿಯಲ್ಲಿ ಹೇಳಿಬಂದಿದ್ದೇನೆ.

ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ನಾಳೆ ಯಾರಾದರೂ ನಿಮ್ಮ ಗಾಡಿ ಎಷ್ಟು ಕೊಡುತ್ತದೆ ಎಂದು ಕೇಳಿದರೆ, ದಿನದ ಅಂಕಿ ಹೇಳಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಸಂತೆಯ ಚೀಲ ನೇತುಹಾಕಿಕೊಂಡು, ಸಿಗ್ನಲ್ಲಿನಲ್ಲಿ ನಿಂತು ಹೊಗೆ ಕುಡಿದು ಬಂದ ದಿನದ ಅಂಕಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಅಳೆಯುವುದು ಕಷ್ಟವೇನಲ್ಲ. ನಿಮ್ಮ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಮಕ್ಕಳು ಅದನ್ನೇ ಕಲಿಯುತ್ತಾರೆ. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ, ಮುಟ್ಟಿದರೂ ಕಸ್ತೂರಿ ತಿರುಗಿ ಬರುವುದಿಲ್ಲ, ಅದು ನನಗೆ ಗೊತ್ತು.

ಹೋಗಿಬರುತ್ತೇನೆ ಎನ್ನಲು ನಿಮ್ಮ ಕಡೆಗೆ ದಾರಿಯಿಲ್ಲ, ಇಲ್ಲಿಂದಲೇ ಕೈಮುಗಿಯುತ್ತೇನೆ. ನನ್ನ ಗಂಡ ಕಟ್ಟೆಯಿಂದ ಬಂದು ಗಾಡಿಯ ಪಕ್ಕ ನೆಲದ ಮೇಲೆ ಕೂತವರು ಕೂತೇ ಇದ್ದಾರೆ. ರೊಟ್ಟಿ ಬಡಿಸಿ ಕರೆದೆ. ನನ್ನನ್ನು ಬೈಯಲಿಲ್ಲ, ಮುಖ ಕೂಡ ಎತ್ತಲಿಲ್ಲ. "ಹಾವು ಕೊಂದೈತಿ ಅಂತ ತಿಳಕೊಂಡ ಹೆಂಗೋ ಉಣ್ಣಾಕತ್ತಿದ್ದೆ ದ್ಯಾಮಿ. ಇನ್ನ ಹೆಂಗ ಉಣ್ಣಲಿ?" ಎಂದರು.